ವೀರಭದ್ರಪ್ಪ ಎಂಬ ಹೊಸ ಕಾಯಿ

ಚದುರಂಗದಲ್ಲಿ ಒಂದು ಕಾಯಿ ಕಡಿಮೆಯಿದೆ ಎಂಬ ಸತ್ಯ ಜಗತ್ತಿನಲ್ಲಿ ಮೊದಲು ಹೊಳೆದದ್ದು ನನಗೆ. ಎಪ್ಪತ್ತರ ದಶಕದ ಕೊನೆ. ದೇವದುರ್ಗದಲ್ಲಿ ಗುಮಾಸ್ತನಾಗಿದ್ದೆ, ಹೊಸದಾಗಿ ಮದುವೆಯಾಗಿತ್ತು, ಬುದ್ಧಿಗೆ ಬರವಿರಲಿಲ್ಲ. ಹಲಗೆಯನ್ನು ದೊಡ್ಡದು ಮಾಡಿ, ಕುದುರೆಯಂತೆ ಜಿಗಿದು ಆನೆಯಂತೆ ಓಡುವ ಹೊಸ ಕಾಯಿಯನ್ನು ಎರಡೂ ಕಡೆಗೆ ಒಂದೊಂದರಂತೆ ಮಾನ್ವಿಯ ಬಡಗಿಯಿಂದ ಕೆತ್ತಿಸಿದೆ. ಬಸ್ಸಿನಲ್ಲಿ ಕೂಸುಗಳಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಇನ್ನು ನಾಮಕರಣವೊಂದೇ ಬಾಕಿ.

ರಾಜ, ವಜೀರ, ಒಂಟೆ, ಪ್ಯಾದೆಗಳ ಸಾಲಿಗೆ ಒಪ್ಪುವ ಹೆಸರು ಬೇಕಲ್ಲ! "ತಹಶೀಲ್ದಾರ" ಎಂದಿಟ್ಟರೆ ಕಚೇರಿಯಲ್ಲಿ ನನ್ನ ಅನ್ನಕ್ಕೆ ಕುತ್ತು.

"ಕಂಡಕ್ಟರ್ ಅನ್ರಿ. ಎಂಥಾ ಗದ್ದಲ ಇದ್ರೂ ನುಗ್ತದ," ಎಂದಳು ಹೆಂಡತಿ ನೀಲಮ್ಮ.

ಇಂಥ ಮಹಾಶೋಧನೆಗೆ ಕಂಡಕ್ಟರ್ ಎಂಬ ಹೆಸರೇ! ಬಹಳ ಚಿಂತಿಸಿ ನನ್ನ ಹೆಸರನ್ನೇ ಇಟ್ಟೆ. ನಾನು ಹೋದರೂ ವೀರಭದ್ರಪ್ಪ ಉಳಿಯಬೇಕು. ನೀಲಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಭಿಮಾನ ಎಂದುಕೊಂಡೆ.

ಆಟಕ್ಕೆ ಮನ್ನಣೆ ಸಿಗಬೇಕಾದರೆ ರಾಯಚೂರಿನ ಮಾವನವರು ಒಪ್ಪಬೇಕು. ಅವರ ಮನೆಯ ಕಟ್ಟೆಯ ಮೇಲೆ ಆಡಿದ್ದೇ ಆ ಓಣಿಗೆಲ್ಲ ಚದುರಂಗ. ಅಲ್ಲೊಂದು ಕಾಯ್ದೆ: ಎದುರಾಳಿಯ ಯಾವ ಕಾಯಿಯನ್ನು ಹೊಡೆಯುತ್ತೇವೋ ಅದರ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ಇಲ್ಲದಿದ್ದರೆ ಹೊಡೆತ ಸಲ್ಲದು. ಭಾನುವಾರ ಓಣಿಯೇ ಸೇರಿತು. ನನ್ನ ಎದುರಾಳಿ ನೀಲಮ್ಮ, ಅಪ್ಪನಿಂದಲೇ ಆಟ ಕಲಿತವಳು.

ಸ್ವಲ್ಪ ಹೊತ್ತಿಗೇ ನನ್ನ ವೀರಭದ್ರಪ್ಪ ಅವಳ ಒಂಟೆಯ ದಾರಿಯಲ್ಲಿ ಸಿಕ್ಕಿಬಿದ್ದ. ಕೈ ಚಾಚಿದವಳು ಅಲ್ಲೇ ತಡೆದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದುಂಟೇ? ನನ್ನ ಕಾಯಿಗೆ ಸಾವೇ ಇಲ್ಲ!

"ಹೆಸರು ಹೇಳು, ಹೊಡಿ," ಎಂದೆ, ಮೀಸೆ ತಿರುವುತ್ತ.

"ಒಡಪು ಹಾಕವ್ವಾ," ಎಂದರು ಮಾವ, ತಣ್ಣಗೆ.

ಶುಭಕಾರ್ಯಗಳಲ್ಲಿ ಹೆಂಗಸರು ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳುವ ಒಡಪು ನನಗೆ ಮರೆತೇ ಹೋಗಿತ್ತು. ನೀಲಮ್ಮ ತಲೆ ತಗ್ಗಿಸಿ ರಾಗವಾಗಿ ಹೇಳಿದಳು:

"ಮಾನ್ವಿ ಬಡಗಿ ಕೆತ್ಯಾನ ಚಂದನ್ನ ಗೊಂಬಿ,
ವೀರಭದ್ರಪ್ಪನವರನ್ನ ಎತ್ತೀನಿ ನನ್ನ ಒಂಟಿ ನಂಬಿ."

ಎತ್ತಿಯೂ ಬಿಟ್ಟಳು. ಓಣಿ ಬಿದ್ದು ಬಿದ್ದು ನಕ್ಕಿತು. ಮದುವೆಯ ದಿನ ಬಿಟ್ಟರೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅಂದೇ. ಆ ಖುಷಿಯಲ್ಲಿ ವಜೀರನನ್ನೂ ಕಳೆದುಕೊಂಡೆ, ಆಟವನ್ನೂ ಸೋತೆ. ಆ ಸಂಜೆಯನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ.

"ಅಳಿಯಂದ್ರ, ಕಾಯಿ ಬ್ಯಾಡ್ರಿ. ಒಡಪು ಇರ್ಲಿ," ಎಂದು ಮಾವ ತೀರ್ಪು ಕೊಟ್ಟರು.

ಹಾಗೇ ಆಯಿತು. ಕಾಯಿಯನ್ನು ಮತ್ತೆ ಯಾರೂ ಮುಟ್ಟಲಿಲ್ಲ. ಒಡಪು ಮಾತ್ರ ಓಣಿ ದಾಟಿ ಸಿರವಾರದವರೆಗೂ ಹೋಯಿತು. ಈಗಲೂ ಮದುಮಗಳು ತಡವರಿಸಿದರೆ ಹೆಂಗಸರು ಅದನ್ನೇ ಹೇಳಿಕೊಡುತ್ತಾರಂತೆ, ನನ್ನ ಹೆಸರು ತೆಗೆದು ಅವಳ ಗಂಡನ ಹೆಸರು ಹಾಕಿ!