ಫ್ರೀಜರಿನಲ್ಲಿರುವ ಖಾಯಂ ಸಾಹೇಬರು

ರಕ್ತ ಸಂಶೋಧನಾಲಯದಲ್ಲಿ ಒಂದು ಖಾಯಂ ಹುದ್ದೆ ಖಾಲಿಯಿದ್ದು, ಅದನ್ನು ಅರ್ಹರಿಗೆ ಮಾತ್ರ ನೀಡತಕ್ಕದ್ದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಅರ್ಜಿ ಹಾಕಿದ್ದವಳು ಒಬ್ಬಳೇ: ತಾತ್ಕಾಲಿಕವಾಗಿ ದುಡಿಯುತ್ತಿದ್ದ ಪ್ರಯೋಗಾಲಯದ ಹುಡುಗಿ. ಈ ಸಲವೂ ಆಗದಿದ್ದರೆ ಅವಳು ಮನೆಗೆ ಹೋಗಬೇಕಿತ್ತು.

ಸಂದರ್ಶನದಲ್ಲಿ ನಿರ್ದೇಶಕರು, "ನಿನ್ನ ಕೆಲಸ ಏನಮ್ಮ?" ಎಂದರು.

"ಒಂದು ವೈರಸ್ ಮೇಲೆ ಸರ್. ರಕ್ತದ ಬಿಳಿಕಣದೊಳಗೆ ನುಗ್ಗಿ, ಅದರ ವಂಶವಾಹಿಯಲ್ಲೇ ತನ್ನನ್ನ ಬರ್ಕೊಂಡುಬಿಡುತ್ತೆ. ಆಮೇಲೆ ಅಲ್ಲಿಂದ ಎಬ್ಬಿಸೋಕಾಗಲ್ಲ."

"ಕೂತು ಏನ್ ಮಾಡುತ್ತೆ?"

"ಹೆಚ್ಚಿನವರಲ್ಲಿ ಏನೂ ಇಲ್ಲ. ದಶಕಗಟ್ಟಲೆ ಸುಮ್ನಿರುತ್ತೆ. ಕೆಲವರಿಗೆ ಮಾತ್ರ ಕೊನೆಗೆ ರಕ್ತದ ಕ್ಯಾನ್ಸರ್ ತರುತ್ತೆ."

"ಕಣ ಒಡೆದು ಎರಡಾದ್ರೆ?"

"ಎರಡರಲ್ಲೂ ಇರುತ್ತೆ."

ಪಕ್ಕದಲ್ಲಿ ಕೂತಿದ್ದ ಕಚೇರಿ ಅಧೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. "ಇಲಾಖೆ ಎರಡಾದ್ರೂ ಜಾಗ ಬಿಡಲ್ಲ. ಮಾತಿಲ್ಲ, ಕತೆಯಿಲ್ಲ. ಇಂಥವ್ರು ಈಗ ಎಲ್ಲಿ ಸಿಕ್ತಾರೆ ಸರ್?"

"ಅರ್ಜಿ ಹಾಕಿರೋದು ನಾನು ಸರ್."

"ನೀನು ದಿನಾ ಕೆಲಸ ಮಾಡ್ತೀಯಮ್ಮ," ಎಂದರು ನಿರ್ದೇಶಕರು. "ಅದೇ ತೊಡಕು. ಮಾಡಿದವರ ತಪ್ಪು ಕಾಣುತ್ತೆ."

ಖಾಯಮಾತಿಯ ನಿಯಮಗಳು ಸ್ಪಷ್ಟವಾಗಿದ್ದವು. ಅಭ್ಯರ್ಥಿಯು ಒಳಸೇರಿದ್ದು ಯಾರ ಗಮನಕ್ಕೂ ಬಂದಿರಕೂಡದು. ಮೂಲ ದಾಖಲೆಗೆ ತನ್ನನ್ನು ತಾನೇ ಸೇರಿಸಿಕೊಂಡಿರಬೇಕು. ಸೇವಾವಧಿಯನ್ನು ನಿಶ್ಶಬ್ದವಾಗಿ ಕಳೆಯತಕ್ಕದ್ದು. ಹುಡುಗಿ ಒಂದನ್ನೂ ಪೂರೈಸಿರಲಿಲ್ಲ; ವೈರಸ್ ಎಲ್ಲವನ್ನೂ ಪೂರೈಸಿತ್ತು. ಕ್ಯಾನ್ಸರ್ ವಿಚಾರವನ್ನು 'ಇನ್ನೂ ಬಾರದ ದೂರು' ಎಂದು ಬದಿಗಿಟ್ಟು, ನೇಮಕಾತಿ ಆದೇಶವನ್ನು ವೈರಸ್ಸಿನ ಮಾದರಿ ಇಟ್ಟಿದ್ದ ಫ್ರೀಜರಿನ ಬಾಗಿಲಿಗೆ ಅಂಟಿಸಲಾಯಿತು.

ಹುಡುಗಿ ಚೀಲ ತುಂಬಿಕೊಳ್ಳುತ್ತಿದ್ದಾಗ ಅಧೀಕ್ಷಕರು ಓಡಿಬಂದರು. "ಎಲ್ಲಿಗೆ ಹೊರಟೆ? ಖಾಯಂ ಅಧಿಕಾರಿಗೆ ಖಾಯಂ ಸಹಾಯಕರು ಇರಲೇಬೇಕು. ಸಾಹೇಬ್ರನ್ನ ಹೊರಗೆ ತಂದ್ರೆ ಕೆಡ್ತಾರಂತೆ. ಅವರ ಕೆಲಸ ಯಾರು ಮಾಡ್ಬೇಕು?"

"ಅವರಿಗೆ ಕೆಲಸ ಏನಿದೆ ಸರ್?"

"ನೀನು ಇಷ್ಟು ದಿನ ಮಾಡ್ತಿದ್ದದ್ದೇ."

ಅವಳು ಚೀಲ ಕೆಳಗಿಟ್ಟಳು.

ಅಂದಿನಿಂದ ಪ್ರತಿಯೊಂದು ಕೋರಿಕೆಯನ್ನೂ ಫ್ರೀಜರಿನ ಮುಂದೆ ಓದಿ ಹೇಳುವ ಪದ್ಧತಿ ಬಂತು. ಮೌನವೇ ಸಮ್ಮತಿಯಾದ್ದರಿಂದ ಹೊಸ ಸೂಕ್ಷ್ಮದರ್ಶಕ ಬಂತು, ಸೋರುತ್ತಿದ್ದ ನಲ್ಲಿ ರಿಪೇರಿಯಾಯಿತು, ಹಿಂದೆಂದೂ ಸಿಗದಿದ್ದ ರಜೆ ಎಲ್ಲರಿಗೂ ಸಿಕ್ಕಿತು. ಫ್ರೀಜರಿನ ಎದುರು ಹಾಯುವಾಗ ನಿರ್ದೇಶಕರೂ ದನಿ ತಗ್ಗಿಸತೊಡಗಿದರು.

ಧೈರ್ಯ ಬಂದು ಹುಡುಗಿ ಒಂದು ದಿನ ಓದಿದಳು: "ಈ ವೈರಸ್ಸನ್ನು ಬೇರುಸಹಿತ ನಾಶಮಾಡುವ ಔಷಧದ ಪ್ರಯೋಗಕ್ಕೆ ಅನುಮತಿ ಕೋರಿ."

ಎಲ್ಲರೂ ಕಾದರು. ಫ್ರೀಜರು ಎಂದಿನಂತೆ ಗುಂಯ್‌ಗುಡುತ್ತಿತ್ತು. ಆಕ್ಷೇಪಣೆ ಬರಲಿಲ್ಲ.

ಅಧೀಕ್ಷಕರು ಮೊಹರು ಒತ್ತಿ ಕಣ್ಣೊರೆಸಿಕೊಂಡರು. "ನನ್ನ ಸರ್ವೀಸಿನಲ್ಲಿ ಎಷ್ಟೋ ಜನರನ್ನ ನೋಡಿದ್ದೀನಮ್ಮ. ಸ್ವಂತ ಹಿತ ನೋಡ್ಕೊಳ್ಳದ ಅಧಿಕಾರಿ ಅಂದ್ರೆ ಇವರೊಬ್ರೇ."