ಕಂಪ್ಯೂಟರ್ ಗುರುತಿಸದ ಹೊರಪೆಟ್ಟಿಗೆ ಹಾಗೂ ಕಚೇರಿಯಲ್ಲಿ ‘ಮುಂದು’ ಎಂಬ ಪದದ ಬಳಕೆ ಕುರಿತು

ಹತ್ತಿ ದಾಸ್ತಾನು ವಿಚಾರಣಾ ಇಲಾಖೆ
ಆದವಾನಿ ಉಪಕಚೇರಿ

ಸುತ್ತೋಲೆ ಸಂಖ್ಯೆ: ಹದಾವಿ/ಆದ/ಪೆಟ್ಟಿಗೆ/1/88-89
ದಿನಾಂಕ: 2-4-1988

ವಿಷಯ: ಕಂಪ್ಯೂಟರ್ ತನ್ನ ಪಕ್ಕದಲ್ಲೇ ಕೂತ ಹೊರಪೆಟ್ಟಿಗೆಯನ್ನು ಗುರುತಿಸದಿರುವುದು, ಆ ಸಂಬಂಧ ನಡೆದ, ನಡೆಯಬಾರದಿದ್ದ ಮತ್ತು ಇನ್ನು ನಡೆಸತಕ್ಕ ಕ್ರಮಗಳು.

ಉಲ್ಲೇಖ:
(ಅ) ಕಂಪ್ಯೂಟರ್ ನಿರ್ವಾಹಕಿ ಶ್ರೀಮತಿ ಜಾನಕಿಬಾಯಿಯವರ ಚೀಟಿ, ದಿ. 28-3-1988.
(ಆ) ಹೈದರಾಬಾದಿನ ಎಂಜಿನಿಯರ್ ಸಾಹೇಬರ ಟ್ರಂಕ್ ಕಾಲ್, ದಿ. 29-3-1988 (ಅರ್ಧ).
(ಇ) ಬಜ್ಜಿ ಕಟ್ಟಿದ ಕಾಗದಗಳು, ಎರಡು.

1. ಈ ಕಚೇರಿಯ ಕಂಪ್ಯೂಟರಿನ ಹೊಟ್ಟೆ ಚಿಕ್ಕದು. ಆದಕಾರಣ ಸಿಬ್ಬಂದಿಯ ಸಮಸ್ತ ದಾಖಲೆಗಳನ್ನು ಅದರ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ತುಂಬಿಡಲಾಗಿದೆ. ಸದರಿ ಪೆಟ್ಟಿಗೆ ಟಿಫನ್ ಕ್ಯಾರಿಯರಿಗಿಂತ ದೊಡ್ಡದು, ಹಾರ್ಮೋನಿಯಂಗಿಂತ ಚಿಕ್ಕದು. ಇನ್ನು ಮೇಲೆ ಅದನ್ನು ‘ಹೊರಪೆಟ್ಟಿಗೆ’ ಎಂದು ಕರೆಯತಕ್ಕದ್ದು. ‘ಆ ದರಿದ್ರ ಡಬ್ಬಿ’ ಎಂದು ಕರೆಯುವುದನ್ನು ನಿಷೇಧಿಸಲಾಗಿದೆ. ಮಾರ್ಚ್ ಕೊನೆಯ ವಾರದಲ್ಲಿ ಹಾಗೆ ಕರೆದವರನ್ನು ಕ್ಷಮಿಸಲಾಗಿದೆ. ಅವರಲ್ಲಿ ಕೆಳಗೆ ಸಹಿ ಮಾಡಿರುವ ಅಧೀಕ್ಷಕ ಶ್ರೀ ಗುರುಪಾದಯ್ಯನವರೂ ಸೇರಿರುತ್ತಾರೆ.

2. ಕಚೇರಿಗೆ ಸುಣ್ಣ ಬಳಿಯುವ ಸಲುವಾಗಿ ಮೇಜುಗಳನ್ನು ಸರಿಸಿ, ಮರಳಿ ಇಟ್ಟ ಬಳಿಕ ದಿ. 28ರ ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹೊರಪೆಟ್ಟಿಗೆಯನ್ನು ಗುರುತಿಸಲಿಲ್ಲ. ‘ಎಲ್ಲಾ ಸರಿ ಐತ್ರಿ, ಪೆಟ್ಟಿಗಿ ಒಂದ ಕಾಣವಲ್ದಂತ’ ಎಂದು ಉಲ್ಲೇಖ (ಅ)ರಲ್ಲಿ ಜಾನಕಿಬಾಯಿಯವರು ತಿಳಿಸಿರುತ್ತಾರೆ. ಪೆಟ್ಟಿಗೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತೆಂಬುದನ್ನು ದಫೇದಾರ ಪಕೀರಪ್ಪನವರಿಂದ ಮುಟ್ಟಿಸಿ ಖಚಿತಪಡಿಸಿಕೊಳ್ಳಲಾಗಿದೆ.

3. ವಿಷಯದ ಗಾಂಭೀರ್ಯವನ್ನು ಅರಿಯದ ಸಿಬ್ಬಂದಿಯ ತಿಳಿವಳಿಕೆಗಾಗಿ: ಮೂಕಮ್ಮ ಎಂಬವರು 1971ರ ಜೂನ್‌ನಿಂದ ಈ ಕಚೇರಿಗೆ ನೀರು ತುಂಬುತ್ತ, ಕಸ ಗುಡಿಸುತ್ತ, ದಿನಗೂಲಿಯ ಮೇಲೆ ಇದ್ದಾರೆ. ಹದಿನೈದು ವರ್ಷ ತುಂಬಿದ ದಿನಗೂಲಿಗಳನ್ನು ಕಾಯಂ ಮಾಡಲು ಮೇಲಿನ ಕಚೇರಿ ಒಪ್ಪಿದ್ದು, ಹಾಜರಿ ದಾಖಲೆ ಸಹಿತ ಪಟ್ಟಿ 31-3-1988ರ ಸಾಯಂಕಾಲ ಐದರೊಳಗೆ ಕರ್ನೂಲು ಮುಟ್ಟತಕ್ಕದ್ದೆಂದೂ, ಪಟ್ಟಿಯಲ್ಲಿ ಇಲ್ಲದವರು ಎಂದೂ ಕೆಲಸವನ್ನೇ ಮಾಡಿಲ್ಲವೆಂದು ಭಾವಿಸಲಾಗುವುದೆಂದೂ ಆದೇಶಿಸಿತ್ತು. ಈ ಕಚೇರಿಯಲ್ಲಿ ಅಂಥವರು ಒಬ್ಬರೇ. ಅವರ ಹದಿನಾರು ವರ್ಷ ಒಂಬತ್ತು ತಿಂಗಳು ಪೂರಾ ಹೊರಪೆಟ್ಟಿಗೆಯೊಳಗಿತ್ತು.

4. ‘ಹಳೇ ಹಾಜರಿ ಪುಸ್ತಕ ಎಲ್ಲಿ?’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕಂಪ್ಯೂಟರ್ ಬಂದ ಸಂಭ್ರಮದಲ್ಲಿ ಅವನ್ನು ರದ್ದಿಯಾಗಿ ತೂಕಕ್ಕೆ ಹಾಕಲು ಆದೇಶಿಸಿದವರು ಅಧೀಕ್ಷಕರೇ. ಇದನ್ನು ಬೇರೆ ಯಾರೂ ಬರೆಯುವ ಮೊದಲು ಅವರೇ ಬರೆದಿರುತ್ತಾರೆ. ಸದರಿ ಪುಸ್ತಕಗಳು ಸ್ಟೇಷನ್ ರಸ್ತೆಯ ಒಗ್ಗಾಣಿ-ಬಜ್ಜಿ ಅಂಗಡಿಗೆ ಸೇರಿದ್ದು ತಿಳಿದುಬಂದ ಕಾರಣ, ಸೋಮವಾರ ಮಧ್ಯಾಹ್ನದಿಂದ ಸಿಬ್ಬಂದಿಯೆಲ್ಲರೂ ದಿನಕ್ಕೆ ಕನಿಷ್ಠ ಎರಡು ಕಟ್ಟು ಮಿರ್ಚಿಬಜ್ಜಿಯನ್ನು ಸರ್ಕಾರಿ ಕರ್ತವ್ಯದ ಮೇಲೆ ತಿಂದು, ಕಾಗದವನ್ನು ಕೈ ಒರೆಸಿಕೊಳ್ಳದೆ ತಂದು ಒಪ್ಪಿಸತಕ್ಕದ್ದೆಂದು ಸೂಚಿಸಲಾಯಿತು. ಮೂರು ದಿನಗಳಲ್ಲಿ ಮೂಕಮ್ಮನವರ ಎರಡು ತಿಂಗಳು ದೊರೆತವು. ಉಳಿದವು ಮಾರಾಟವಾಗಿ ಹೋಗಿದ್ದವು. ಹೊಟ್ಟೆನೋವಿನ ರಜೆ ಅರ್ಜಿಗಳನ್ನು ಪ್ರತ್ಯೇಕ ಕಡತದಲ್ಲಿ ಇಡಲಾಗಿದೆ.

5. ‘ಗುರುತಿಸುತ್ತಿಲ್ಲ’ ಎಂದ ಮೇಲೆ ಗುರುತಿನ ಪುರಾವೆ ಒದಗಿಸುವುದು ಕಚೇರಿಯ ಪದ್ಧತಿ. ಅದರಂತೆ ಹೊರಪೆಟ್ಟಿಗೆಯ ಹೆಸರು, ಊರು, ಇಲಾಖೆಗೆ ಸೇರಿದ ದಿನಾಂಕಗಳನ್ನು ಕನ್ನಡ, ತೆಲುಗು ಮತ್ತು ಇಂಗ್ಲಿಷಿನಲ್ಲಿ ಬರೆದು ಹಣೆಗೆ ಅಂಟಿಸಲಾಯಿತು. ‘ಈ ಪೆಟ್ಟಿಗೆಯನ್ನು ನಾನು ಒಂದು ವರ್ಷದಿಂದ ಬಲ್ಲೆ, ಇದರ ನಡತೆ ಒಳ್ಳೆಯದು’ ಎಂದು ಅಧೀಕ್ಷಕರು ಸಹಿ ಮಾಡಿ ಮೊಹರು ಒತ್ತಿದರು. ಕಂಪ್ಯೂಟರ್ ಸದರಿ ಪ್ರಮಾಣಪತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

6. ತಂತಿಯ ಎರಡೂ ತುದಿಗಳನ್ನು ಬಿಚ್ಚಿ, ಹತ್ತಿಯ ಧೂಳು ಊದಿ, ಬಿಗಿಯಾಗಿ ಕೂಡಿಸಲಾಯಿತು. ಜಿನ್ನಿಂಗ್ ಮಿಲ್ಲುಗಳು ಓಡುವಾಗ ವೋಲ್ಟೇಜು ಇಳಿಯುವುದರಿಂದ ಅವು ನಿಂತ ಹೊತ್ತಿನಲ್ಲೂ ಪ್ರಯತ್ನಿಸಲಾಯಿತು. ಹೊರಪೆಟ್ಟಿಗೆಯ ಹಸಿರು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅದನ್ನು ನೋಡಿದಷ್ಟೂ ಅಧೀಕ್ಷಕರ ಹೊಟ್ಟೆ ಉರಿಯುತ್ತಿತ್ತು.

7. ಮಂಗಳವಾರ ಎಂಜಿನಿಯರ್ ಸಾಹೇಬರಿಗೆ ಟ್ರಂಕ್ ಕಾಲ್ ಮಾಡಲಾಯಿತು. ಸಾಹೇಬರು ಅಚ್ಚ ತೆಲುಗಿನವರು. ಆದರೆ ಬಹಳ ದೊಡ್ಡ ಮನಸ್ಸಿನವರಾದ್ದರಿಂದ, ಅಧೀಕ್ಷಕರ ಮಾತಿನ ಧಾಟಿ ಕೇಳಿ ತಮಗೆ ಬಂದಷ್ಟು ಕನ್ನಡದಲ್ಲೇ, ‘ಡಬ್ಬಾ ಮುಂದು ಹಾಕ್ರಿ, ಕಂಪ್ಯೂಟರ್...’ ಎಂದರು. ಅಷ್ಟರಲ್ಲಿ ಮೂರು ನಿಮಿಷ ಮುಗಿದು ಲೈನ್ ಕಡಿಯಿತು. ಆಮೇಲೆ ಎಷ್ಟು ಯತ್ನಿಸಿದರೂ ಲೈನ್ ಸಿಗಲಿಲ್ಲ.

8. ಸದರಿ ವಾಕ್ಯವನ್ನು ಜಾರಿಗೆ ತರುವಲ್ಲಿ ಕಚೇರಿ ಎಳ್ಳಷ್ಟೂ ಕೊರತೆ ಮಾಡಿಲ್ಲ.
(ಅ) ‘ಮುಂದು’ ಎಂದರೆ ನಮ್ಮ ಮಾತಿನ ‘ಮುಂದ’, ಅಂದರೆ ಎದುರಿಗೆ ಎಂದು ತಿಳಿದು, ಹೊರಪೆಟ್ಟಿಗೆಯನ್ನು ಕಂಪ್ಯೂಟರಿನ ಎದುರು, ಮುಖಕ್ಕೆ ಮುಖ ಬರುವಂತೆ ಇಡಲಾಯಿತು. ನಡುವೆ ಅಡ್ಡವಿದ್ದ ಹೂದಾನಿಯನ್ನು ತೆಗೆಯಲಾಯಿತು.
(ಆ) ‘ಮುಂದ’ ಎಂದರೆ ಆಮೇಲೆ ಎಂದೂ ಆಗುವುದರಿಂದ, ಕಂಪ್ಯೂಟರಿನ ಸ್ವಿಚ್ ಹಾಕಿ ಹತ್ತು ನಿಮಿಷದ ನಂತರ ಹೊರಪೆಟ್ಟಿಗೆಯ ಸ್ವಿಚ್ ಹಾಕಲಾಯಿತು. ಬಳಿಕ ಅರ್ಧ ಗಂಟೆ. ಬಳಿಕ ಊಟವಾದ ಮೇಲೆ.
(ಇ) ಬುಧವಾರ ಕಂಪ್ಯೂಟರನ್ನು ಬೆಳಿಗ್ಗೆಯೂ ಹೊರಪೆಟ್ಟಿಗೆಯನ್ನು ಸಂಜೆಯೂ ಹಾಕಿ, ಇನ್ನೂ ಮುಂದೆ ಹೋಗಲು ಕಚೇರಿಯ ವೇಳೆ ಸಾಲದೆಂದು ಷರಾ ಬರೆಯಲಾಯಿತು.
ಈ ಕಚೇರಿಯಲ್ಲಿ ತೆಲುಗು ಬಾರದವರು ಒಬ್ಬರೂ ಇಲ್ಲ. ಅರ್ಧ ಕಡತಗಳು ತೆಲುಗಿನಲ್ಲೇ ಇವೆ. ಆದರೂ ‘ಸಾಹೇಬ್ರು ಪಾಪ ಕಷ್ಟಪಟ್ಟು ಕನ್ನಡದಾಗ ಹೇಳ್ಯಾರ, ನಾವು ಕನ್ನಡದಾಗ ತಿಳ್ಕೊಳ್ಳೋದು ಮರ್ಯಾದಿ’ ಎಂದು ಅಧೀಕ್ಷಕರು ಅಪ್ಪಣೆ ಕೊಡಿಸಿದ್ದರು. ಅತಿ ಮರ್ಯಾದೆಯೂ ಒಮ್ಮೊಮ್ಮೆ ಕೆಲಸ ಕೆಡಿಸುತ್ತದೆ.

9. ದಿ. 31ರ ಗುರುವಾರ. ಕರ್ನೂಲಿನ ಬಸ್ಸು ಮಧ್ಯಾಹ್ನ ಒಂದಕ್ಕೆ. ಅದು ತಪ್ಪಿದರೆ ಐದರೊಳಗೆ ಪಟ್ಟಿ ಮುಟ್ಟುವಂತಿರಲಿಲ್ಲ. ಹನ್ನೊಂದೂವರೆಗೆ ಅಧೀಕ್ಷಕರು ಮೂಕಮ್ಮನವರನ್ನು ಕರೆಸಿ, ನಡೆದದ್ದನ್ನು ತಿಳಿಸಿದರು. ತಿಳಿಸುವಾಗ ಅವರಿಗೆ ತಲೆಯೆತ್ತಲು ಆಗಲಿಲ್ಲ. ನೆಲ ನೋಡುತ್ತಲೇ ‘ತಪ್ಪು ನಂದೈತಿ’ ಎಂದರು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವರು ಈ ವಾಕ್ಯವನ್ನು ಬಳಸಿದ್ದು ಇದೇ ಮೊದಲು.

10. ಮೂಕಮ್ಮನವರು ಸಿಟ್ಟಾಗಲಿಲ್ಲ, ಅಳಲಿಲ್ಲ. ಆ ಸಾಹೇಬರು ಏನು ಹೇಳಿದರೆಂದು ಮಾತ್ರ ಕೇಳಿದರು. ಹೇಳಲಾಯಿತು. ಆಗ ಅವರು ನೀಡಿದ ಹೇಳಿಕೆಯನ್ನು ಜಾನಕಿಬಾಯಿಯವರು ಅಕ್ಷರಶಃ ಬರೆದುಕೊಂಡಿದ್ದು, ಅದು ಹೀಗಿದೆ:

‘ನಮ್ಮ ಅಳಿಯ ತೆಲುಗಿನಾವ್ರಿ. ಮದಿವಿ ಆದ ಹೊಸದಾಗ ಮನಿಗೆ ಬಂದಾವ, ನನಗ ಖುಷಿ ಆಗ್ಲಿ ಅಂತ ಕನ್ನಡದಾಗ “ಊಟ ಮುಂದು” ಅಂದ. ಊಟ ಮುಂದ ಮಾಡ್ತಾನೇನೋ ಅಂತ ನಾನೂ ಸುಮ್ಮಕ ಕುಂತೆ. ಹೊತ್ತು ಮುಳುಗೋತನ ಹಸಕೊಂಡು ಕುಂತಾನ್ರಿ, ಬಾಯಿ ಬಿಟ್ಟಿಲ್ಲ. ಆಮ್ಯಾಗ ಮಗಳು ಬಂದು ಬೈದ್ಲು. ಅವ್ರ ಮಾತಿನಾಗ ಮುಂದು ಅಂದ್ರ ಮೊದ್ಲು. ನಿಮ್ಮ ಸಾಹೇಬ್ರು ಡಬ್ಬಿ ಮೊದ್ಲು ಅಂದಾರ. ಅದಕ್ಕ ಮೊದ್ಲು ಕರೆಂಟು ಕೊಡ್ರಿ, ಆಮ್ಯಾಗ ಆ ದೊಡ್ಡದಕ್ಕ.’

11. ಕೂಡಲೇ ಎರಡೂ ಸ್ವಿಚ್ ಆರಿಸಿ, ಹೊರಪೆಟ್ಟಿಗೆಯನ್ನು ಮೊದಲು ಹಾಕಿ, ಅದರ ಗುಂಯ್ ಸದ್ದು ನಿಂತ ಮೇಲೆ ಕಂಪ್ಯೂಟರ್ ಹಾಕಲಾಯಿತು. ಕಂಪ್ಯೂಟರ್ ಕಣ್ಣು ಬಿಡುವ ಹೊತ್ತಿಗೆ ಯಾರು ಎಚ್ಚರವಾಗಿರುತ್ತಾರೋ ಅವರನ್ನು ಮಾತ್ರ ಅದು ಗುರುತಿಸುತ್ತದೆಂದು ತಿಳಿದುಬಂದಿದೆ. ಸುಣ್ಣ ಬಳಿಯುವ ಮೊದಲು ಎರಡೂ ಒಂದೇ ಸ್ವಿಚ್ಚಿನ ಮೇಲಿದ್ದವು; ಮೇಜು ಸರಿಸಿದ ಮೇಲೆ ಬೇರೆಬೇರೆ ಗೋಡೆಯ ಸ್ವಿಚ್ಚುಗಳಿಗೆ ಹೋಗಿದ್ದವು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಪರದೆಯ ಮೇಲೆ ಮೂಕಮ್ಮನವರ ಹೆಸರು ಬಂದಿತು.

12. ಪಟ್ಟಿ ಅಚ್ಚಾಗಿ ಒಂದು ಗಂಟೆಯ ಬಸ್ಸಿಗೆ ಪಕೀರಪ್ಪನವರ ಕೈಯಲ್ಲಿ ಹೋಗಿದ್ದು, ನಾಲ್ಕೂವರೆಗೆ ಸ್ವೀಕೃತವಾಗಿದೆ. ಇಂದು ಬೆಳಿಗ್ಗೆ ಕರ್ನೂಲಿನಿಂದ ಫೋನ್ ಬಂದಿದ್ದು, ಮೂಕಮ್ಮನವರನ್ನು 1-4-1988ರಿಂದ ಕಾಯಂ ಮಾಡಿರುವುದಾಗಿ ತಿಳಿಸಲಾಗಿದೆ. ಅಧೀಕ್ಷಕರಿಗೆ ಬಹಳ ಸಂತೋಷವಾಯಿತು. ಸುತ್ತೋಲೆಯಲ್ಲಿ ಸಂತೋಷ ನಮೂದಿಸಲು ನಿಯಮವಿಲ್ಲ, ನಮೂದಿಸಬಾರದೆಂದೂ ಇಲ್ಲ.

13. ಮೇಲ್ಕಂಡ ಕಾರಣಗಳಿಂದ ಸಮಸ್ತ ಸಿಬ್ಬಂದಿಗೆ ಅಪ್ಪಣೆ ಮಾಡಿರುವುದೇನೆಂದರೆ:
(ಅ) ‘ಮುಂದು’, ‘ಮುಂದೆ’, ‘ಮುಂದ’ ಪದಗಳನ್ನು ಬಳಸುವವರು ತಾವು ಯಾವ ಭಾಷೆಯಲ್ಲಿದ್ದೇವೆಂಬುದನ್ನು ಬೆರಳೆತ್ತಿ ಸೂಚಿಸತಕ್ಕದ್ದು: ಕನ್ನಡಕ್ಕೆ ಒಂದು ಬೆರಳು, ತೆಲುಗಿಗೆ ಎರಡು. ಟ್ರಂಕ್ ಕಾಲಿನಲ್ಲಿ ಬೆರಳು ಕಾಣದ ಕಾರಣ ಕೆಮ್ಮತಕ್ಕದ್ದು.
(ಆ) ವಾಕ್ಯದ ನಡುವೆ ಭಾಷೆ ಬದಲಿಸುವವರು ಅರ್ಧ ದಿನ ಮೊದಲು ಅನುಮತಿ ಪಡೆಯತಕ್ಕದ್ದು. ಈ ಷರತ್ತನ್ನು ಗುರುವಾರ ಮಧ್ಯಾಹ್ನ ಬಾಯಿಮಾತಿನಲ್ಲಿ ಜಾರಿಗೆ ತಂದಾಗ ಕಚೇರಿಯಲ್ಲಿ ಯಾರೂ ಮಾತಾಡಲಿಲ್ಲವಾದ್ದರಿಂದ ಇದನ್ನು ಹಿಂಪಡೆಯಲಾಗಿದೆ.
(ಇ) ಯಾವ ಪುಸ್ತಕವನ್ನೂ ತೂಕಕ್ಕೆ ಹಾಕತಕ್ಕದ್ದಲ್ಲ. ಅಧೀಕ್ಷಕರು ಹೇಳಿದರೂ.

(ಸಹಿ)
ಗುರುಪಾದಯ್ಯ
ಕಚೇರಿ ಅಧೀಕ್ಷಕರು

ಪ್ರತಿಗಳು:
1. ಸೂಚನಾ ಫಲಕಕ್ಕೆ.
2. ಹೈದರಾಬಾದಿನ ಎಂಜಿನಿಯರ್ ಸಾಹೇಬರಿಗೆ, ವಂದನೆಗಳೊಂದಿಗೆ. ದಯಮಾಡಿ ತೆಲುಗಿನಲ್ಲೇ ಮಾತಾಡಬೇಕೆಂಬ ವಿನಂತಿಯೊಂದಿಗೆ.
3. ಮೂಕಮ್ಮನವರ ಅಳಿಯನಿಗೆ, ಅಂದಿನ ಹಸಿವಿನ ಬಗ್ಗೆ ಇಲಾಖೆಯ ವಿಷಾದದೊಂದಿಗೆ.
4. ಮೂಕಮ್ಮನವರಿಗೆ. ಓದಲು ಬಾರದ ಕಾರಣ 11 ಮತ್ತು 12ನೇ ಕಂಡಿಕೆಗಳನ್ನು ಅಧೀಕ್ಷಕರೇ ನಿಂತು ಓದಿ ಹೇಳಿದ್ದು, ‘ನನ್ನ ಹೆಸರು ಬಂದದ್ದು ಇನ್ನೊಮ್ಮಿ ಓದ್ರಿ’ ಎಂದು ಅವರು ಕೇಳಿದ ಕಾರಣ ನಾಲ್ಕು ಸಲ ಓದಲಾಗಿದೆ.