ಪಶುಪತಿಯವರ ದಾರಿ ಕೇಳುವ ಯಂತ್ರ

"ಈ ಪೆಟ್ಟಿಗೆ ಯಾವತ್ತೂ ದಾರಿ ತಪ್ಪಲ್ಲ, ಶಶಿ! ಯಾಕೆ ಹೇಳು ನೋಡೋಣ?"

ಪಶುಪತಿಯವರು ಕಾರಿನ ಬಾನೆಟ್ಟಿನ ಮೇಲೆ ಕೈಯೂರಿ ನಿಂತು ಕೇಳಿದರು. ಬೆಳಗಿನ ಏಳೂವರೆ ಗಂಟೆ. ಶಶಿರೇಖಾ ಗಡಿಯಾರ ನೋಡಿದಳು. ಅವಳು ಹೈಸ್ಕೂಲಿನ ವಿಜ್ಞಾನದ ಟೀಚರು. ಹನ್ನೊಂದು ವರ್ಷಗಳಿಂದ ದಿನವೂ ಎರಡು ಬಸ್ಸು ಬದಲಾಯಿಸಿ ಅರವತ್ತೆರಡು ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಬರುತ್ತಿದ್ದಳು. ಇವತ್ತು ಹತ್ತು ಗಂಟೆಗೆ ಜಿಲ್ಲಾ ಕೇಂದ್ರದ ಹೊಸ ಶಿಕ್ಷಕರ ಭವನದಲ್ಲಿ ವರ್ಗಾವಣೆಯ ಕೌನ್ಸೆಲಿಂಗ್. ಅವಳ ಸಂಖ್ಯೆ ನಲವತ್ತೇಳು. ಹೆಸರು ಕೂಗಿದಾಗ ಎದುರಿಗಿಲ್ಲದಿದ್ದರೆ ಗೈರುಹಾಜರಿ; ಮತ್ತೆ ಅವಕಾಶ ಯಾವ ವರ್ಷವೋ. ಅವಳ ಸ್ವಂತ ಊರಿನ ಶಾಲೆಯಲ್ಲಿ ಒಂದೇ ಒಂದು ಹುದ್ದೆ ಖಾಲಿ ಇತ್ತು. ಮನೆಯಿಂದ ನಡೆದರೆ ಆರು ನಿಮಿಷ.

ಆರರ ಬಸ್ಸಿಗೆ ಹೊರಟಿದ್ದವಳನ್ನು ತಡೆದವರು ಇದೇ ಭಾವ. ತರಬೇತಿಗೆಂದು ಪರವೂರಿಗೆ ಹೋಗಿದ್ದ ಗಂಡ ಫೋನಿನಲ್ಲಿ, "ಅಣ್ಣನ ಮನಸ್ಸು ನೋಯಿಸಬೇಡ" ಎಂದಿದ್ದ. ಅಣ್ಣನ ಮನಸ್ಸು ನೋಯದಂತೆ ನೋಡಿಕೊಳ್ಳುವುದು ಆ ಮನೆಯಲ್ಲಿ ದಿನವಿಡೀ ನಡೆಯುವ ಕೆಲಸ. ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾದ ಮೇಲೆ ಅವರು ಮಾಡಿದ ಯಂತ್ರಗಳಲ್ಲಿ ಒಂದು ದೋಸೆ ಹುಯ್ಯುತ್ತಿತ್ತು, ಗೋಡೆಯ ಮೇಲೆ!

"ಉಪಗ್ರಹ ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿಂದ ನೋಡತ್ತೆ," ಎಂದು ಅವರೇ ಉತ್ತರ ಹೇಳಿಕೊಂಡರು. "ರಸ್ತೆಗಡ್ಡ ಶಾಮಿಯಾನ ಹಾಕಿರೋದು ಅದಕ್ಕೇನು ಕಾಣತ್ತೆ? ನಮ್ಮೋರು ಏನು ಮಾಡ್ತಾರೆ? ಗಾಜು ಇಳಿಸಿ, ನಿಂತಿರೋರನ್ನ ಕೇಳ್ತಾರೆ. ನನ್ನ ಯಂತ್ರಾನೂ ಅದನ್ನೇ ಮಾಡತ್ತೆ! ಎಲ್ಲರನ್ನೂ ಕೇಳತ್ತೆ, ಸರಾಸರಿ ತೆಗೆಯತ್ತೆ, ಉಪಗ್ರಹದ ತಪ್ಪನ್ನ ತಿದ್ದತ್ತೆ. ಬರೀ ನಮಗಲ್ಲಮ್ಮ, ಊರಿನವರ ಫೋನಲ್ಲಿರೋ ಭೂಪಟಾನೂ ತಿದ್ದತ್ತೆ!"

ಅವರು ಗುಂಡಿ ಒತ್ತಿದರು. ಕಾರಿನ ನೆತ್ತಿಯ ಮೇಲಿದ್ದ ಧ್ವನಿವರ್ಧಕ ಪಶುಪತಿಯವರದೇ ಕಂಠದಲ್ಲಿ ಗದರಿತು: "ಸ್ವಾಮೀ! ಹಿಟ್ಟಿನ ಗಿರಣಿ ಎಲ್ಲಿ?"

ಬೀದಿಯಲ್ಲಿದ್ದ ಎಂಟು ಜನರೂ ಒಂದೇ ಕಡೆ ಕೈ ತೋರಿಸಿದರು. ಪರದೆಯ ಮೇಲೆ ಬಾಣ ಗಿರಣಿಯತ್ತ ತಿರುಗಿತು. ಪಶುಪತಿಯವರು ಚಪ್ಪಾಳೆ ತಟ್ಟಿದರು.

"ಗಿರಣಿ ಅವರಿಗೆಲ್ಲ ಗೊತ್ತು ಭಾವ," ಎಂದಳು ಶಶಿರೇಖಾ. "ಭವನ ಕಟ್ಟಿ ಮೂರು ತಿಂಗಳಾಯ್ತು ಅಷ್ಟೆ, ಅದೂ ಊರಾಚೆ. ಗೊತ್ತಿಲ್ಲದ ಜಾಗ ಕೇಳಿದ್ರೂ ನಮ್ಮ ಜನ ಗೊತ್ತಿಲ್ಲ ಅನ್ನಲ್ಲ. ಕೇಳಿದವರಿಗೆ ಬೇಜಾರಾಗತ್ತೆ ಅಂತ ಕೈ ತೋರಿಸಿಬಿಡ್ತಾರೆ."

"ಅದಕ್ಕೇ ಅಲ್ವೇ ಸರಾಸರಿ ತೆಗೆಯೋದು! ನೀನು ವಿಜ್ಞಾನದ ಟೀಚರು, ನಿನಗೂ ಹೇಳಬೇಕಾ?"

ಒಬ್ಬೊಬ್ಬರ ತಪ್ಪು ಒಂದೊಂದು ದಿಕ್ಕಿಗಿದ್ದರೆ ಮಾತ್ರ ಸರಾಸರಿಯಿಂದ ತಪ್ಪು ಕಳೆಯುತ್ತದೆ. ಮೊದಲನೆಯವನು ಕೈ ತೋರಿಸಿದತ್ತ ಉಳಿದವರೂ ತೋರಿಸಿದರೆ ಕಳೆಯುವುದಿಲ್ಲ. ಇದನ್ನು ವಿವರಿಸಲು ಹೋದರೆ ಎಂಟು ಗಂಟೆಯಾಗುತ್ತದೆ. ಅವಳು ಕಾರು ಹತ್ತಿದಳು.

ಜಿಲ್ಲಾ ಕೇಂದ್ರದ ಮೊದಲ ವೃತ್ತ ತಲುಪಿದಾಗ ಒಂಬತ್ತು ಗಂಟೆ. ಇಲ್ಲಿಯವರೆಗೆ ತೊಂದರೆಯಾಗಲಿಲ್ಲ, ಏಕೆಂದರೆ ಇದ್ದದ್ದು ಒಂದೇ ರಸ್ತೆ.

"ಸ್ವಾಮೀ! ಶಿಕ್ಷಕರ ಭವನ ಎಲ್ಲಿ?" ಎಂದಿತು ಕಾರಿನ ನೆತ್ತಿ.

ಎಳನೀರಿನವನು ಬೆಚ್ಚಿಬಿದ್ದು ಮಚ್ಚನ್ನು ಎಡಕ್ಕೆ ಚಾಚಿದ. ಸ್ಕೂಟರಿನವರು ಅಷ್ಟೇ ಖಚಿತವಾಗಿ ಬಲಕ್ಕೆ ಬೆರಳು ತೋರಿಸಿದರು. ಯಂತ್ರ ಎಡ ಬಲಗಳ ಸರಾಸರಿ ತೆಗೆಯಿತು. "ನೇರ ಹೋಗಿ," ಎಂದಿತು.

"ಭಾವ, ನೇರಕ್ಕೆ ರಸ್ತೆ ಇಲ್ಲ! ಕಲ್ಯಾಣ ಮಂಟಪದ ಗೇಟಿದೆ!"

"ಗೇಟು ತೆಗೆದಿದೆಯಲ್ಲ!"

ಕಾರು ತಳಿರು ತೋರಣದ ಕೆಳಗೆ ನುಗ್ಗಿ, ಅಡುಗೆಯ ಹಿತ್ತಲಿನಲ್ಲಿ ಬಾಳೆ ಎಲೆಯ ಕಟ್ಟುಗಳ ಎದುರು ನಿಂತಿತು. ರೇಷ್ಮೆ ಶಲ್ಯದವರೊಬ್ಬರು ಓಡಿ ಬಂದು ಕೈ ಮುಗಿದರು. "ಬನ್ನಿ ಬನ್ನಿ! ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?"

"ಶಿಕ್ಷಕರ ಭವನದ ಕಡೆಯೋರು," ಎಂದಳು ಶಶಿರೇಖಾ.

"ಯಾವ ಕಡೆಯೋರಾದ್ರೂ ಬರೀ ಹೊಟ್ಟೇಲಿ ಕಳಿಸೋಕಾಗತ್ತಾ? ತಿಂಡಿ ಮಾಡ್ಕೊಂಡೇ ಹೋಗಬೇಕು!"

ಅವರು ಬಿಡಲಿಲ್ಲ. ಪಶುಪತಿಯವರಿಗೂ ಬಿಡಿಸಿಕೊಳ್ಳುವ ಆತುರವೇನೂ ಇರಲಿಲ್ಲ. ಕೇಸರಿಭಾತನ್ನು ಎರಡನೆಯ ಸಲ ಹಾಕಿಸಿಕೊಂಡರು. ಗೇಟು ದಾಟಿ ಹೊರಬಿದ್ದಾಗ ಒಂಬತ್ತು ಮುಕ್ಕಾಲು.

"ಈಗಾದ್ರೂ ಅದನ್ನ ಆರಿಸಿ," ಎಂದು ಶಶಿರೇಖಾ ತನ್ನ ಫೋನು ತೆಗೆದಳು. ಯಂತ್ರ ಆಗಲೇ ಅದನ್ನೂ ತಿದ್ದಿತ್ತು. ಪರದೆಯ ಮೇಲೆ ಶಿಕ್ಷಕರ ಭವನ ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿತ್ತು!

"ಇದು ತಾತ್ಕಾಲಿಕ ಫಲಿತಾಂಶ," ಎಂದರು ಪಶುಪತಿಯವರು. "ಸಾಕ್ಷಿಗಳು ಕಮ್ಮಿಯಾದ್ವು. ಜನ ಜಾಸ್ತಿ ಇರೋ ಕಡೆ ಕೇಳೋಣ."

ಜನ ಜಾಸ್ತಿ ಇದ್ದದ್ದು ಖಾಸಗಿ ಬಸ್ ನಿಲ್ದಾಣದಲ್ಲಿ. ಅಲ್ಲಿ ಹೊರಡುವ ಬಸ್ಸಿನ ಪಕ್ಕ ಒಬ್ಬ ನಿಂತು, ಉಸಿರು ಬಿಡದೆ, ಕೊರಳ ನರ ಉಬ್ಬಿಸಿಕೊಂಡು ಕೂಗುತ್ತಿದ್ದ: "ಕೋಡಿಪಾಳ್ಯ ಕೋಡಿಪಾಳ್ಯ ಕೋಡಿಪಾಳ್ಯ! ಯಾರ್ರೀ ಕೋಡಿಪಾಳ್ಯ!"

ಯಂತ್ರ ಪ್ರಶ್ನೆ ಕೇಳಿತು. ಅವನು ಯಂತ್ರದ ಕಡೆ ತಿರುಗಿಯೂ ನೋಡದೆ ಕೂಗುತ್ತಲೇ ಇದ್ದ. ಯಂತ್ರ ಒಂದೊಂದು ಕೂಗನ್ನೂ ಬೇರೆ ಬೇರೆ ಸಾಕ್ಷಿ ಎಂದು ಎಣಿಸಿತು. ಪರದೆಯ ಮೇಲೆ ಅಂಕಿ ಏರಿತು: ನಲವತ್ತು, ಎಪ್ಪತ್ತು, ನೂರಹತ್ತು.

"ನೂರಹತ್ತು ಜನ, ಒಂದೇ ಉತ್ತರ!" ಪಶುಪತಿಯವರ ಕಣ್ಣು ತೇವವಾಯಿತು. "ಇಷ್ಟು ಒಮ್ಮತ ಎಲ್ಲಾದ್ರೂ ಕಂಡಿದ್ದೀಯಾ?"

"ಅದು ಒಬ್ಬನೇ ಮನುಷ್ಯ, ಭಾವ!"

"ನೀನು ಬಸ್ಸಲ್ಲಿ ಓಡಾಡಿ ಓಡಾಡಿ ನಂಬಿಕೆ ಕಳ್ಕೊಂಡಿದ್ದೀಯ."

ಕಾರು ಹೊರಟೇಬಿಟ್ಟಿತು. ಇಳಿಯೋಣವೆಂದರೆ ಹೆದ್ದಾರಿ ಬಂದಿತ್ತು. ಹಿಂದಕ್ಕೆ ಹೋಗುವ ಆಟೋ ಒಂದೂ ಕಾಣಲಿಲ್ಲ. ಶಶಿರೇಖಾ ಮೊದಲು ಬೇಡಿಕೊಂಡಳು, ಆಮೇಲೆ ರೇಗಿದಳು, ಕೊನೆಗೆ ಕಿಟಕಿಗೆ ತಲೆಯಾನಿಸಿದಳು. ಬಸ್ಸಿನಲ್ಲಿ ಹನ್ನೊಂದು ವರ್ಷ ಆನಿಸಿ ಆನಿಸಿ ಅವಳ ತಲೆಗೆ ಆ ಭಂಗಿ ಅಭ್ಯಾಸವಾಗಿತ್ತು.

ಕೋಡಿಪಾಳ್ಯದಲ್ಲಿ ಯಂತ್ರ 'ಶಿಕ್ಷಕರ' ಎಂದದ್ದೇ ತಡ, ಎಲ್ಲರೂ ಶಾಲೆಯತ್ತ ಕೈ ತೋರಿಸಿದರು. ಸರ್ಕಾರಿ ಪ್ರೌಢಶಾಲೆಯ ಮುಂದೆ ಅದು ಘೋಷಿಸಿತು: "ಶಿಕ್ಷಕರ ಭವನ ಬಂತು!" ರಜೆಯ ದಿನ. ಜಗುಲಿಯ ಮೇಲೆ ಒಂದು ಮೇಕೆ ಮಲಗಿತ್ತು. ಗಂಟೆ ಹತ್ತೂಮುಕ್ಕಾಲು.

ಶಶಿರೇಖಾ ಮೇಕೆಯ ಪಕ್ಕದಲ್ಲಿ ಕುಳಿತಳು. ಅಳು ಬರಲಿಲ್ಲ. ಅಳುವುದಕ್ಕೂ ಸ್ವಲ್ಪ ತ್ರಾಣ ಬೇಕು.

ಹತ್ತು ನಿಮಿಷವಾಗಿರಬಹುದು. ಒಂದು ಬೈಕು ಬಂತು. "ಮೇಡಂ, ಕೌನ್ಸೆಲಿಂಗ್ ಇಲ್ಲೇ ಅಲ್ವಾ? ಫೋನು ಮೊದಲು ಒಂದು ಛತ್ರಕ್ಕೆ ಕರ್ಕೊಂಡು ಹೋಯ್ತು, ಆಮೇಲೆ ಇಲ್ಲಿಗೆ ಅಂತು." ಹಿಂದೆಯೇ ಎರಡು ಆಟೋ, ಒಂದು ವ್ಯಾನು. ಹೊಸ ಭವನದ ದಾರಿ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲರೂ ಫೋನನ್ನೇ ನಂಬಿ ಹೊರಟಿದ್ದರು. ಹಲವರ ಕೈಯಲ್ಲಿ ಮದುವೆಯ ತಾಂಬೂಲದ ಚೀಲವೂ ಇತ್ತು! ಹನ್ನೊಂದೂಕಾಲಿಗೆ ಅರವತ್ತು ಜನ ಸೇರಿದರು. ಕೊನೆಗೆ ಧೂಳೆಬ್ಬಿಸಿಕೊಂಡು ಜೀಪು ಬಂತು. ಅದರಿಂದ ಅಧಿಕಾರಿ ಇಳಿದು ಶಾಲೆಯನ್ನು ನೋಡಿದರು, ಮೇಕೆಯನ್ನು ನೋಡಿದರು, ನಿಟ್ಟುಸಿರು ಬಿಟ್ಟರು.

"ಹೋಗ್ಲಿ, ಎಲ್ಲಾ ಇಲ್ಲೇ ಇದ್ದೀರಲ್ಲ. ಮತ್ತೆ ವಾಪಸ್ ಯಾರು ಹೋಗ್ತಾರೆ? ಇಲ್ಲೇ ಶುರು ಮಾಡೋಣ," ಎಂದು ಜಗುಲಿಯ ಮೇಲೆ ಲ್ಯಾಪ್‌ಟಾಪ್ ತೆರೆದರು.

ಶಶಿರೇಖಾ ಎದ್ದು ನಿಂತಳು. ಪಟ್ಟಿ ಮುಂದುವರಿಯಿತು. ಊರಿನ ಹುದ್ದೆಯನ್ನು ಯಾರೂ ಮುಟ್ಟಲಿಲ್ಲ. ನಲವತ್ತೈದಾಯಿತು.

"ನಲವತ್ತಾರು. ಮುಮ್ತಾಜ್ ಬಾನು! ಮುಮ್ತಾಜ್ ಬಾನು ಇದ್ದಾರಾ?"

ಅದೇ ಹೊತ್ತಿಗೆ ಶಶಿರೇಖಾಳ ಫೋನು ಬಡಿದುಕೊಂಡಿತು. ಮುಮ್ತಾಜ್ ಟೀಚರು ಅವಳ ಊರಿನವರೇ, ಅವಳ ವಿಷಯದವರೇ. ಹದಿನಾಲ್ಕು ವರ್ಷಗಳಿಂದ ಅವಳದಕ್ಕಿಂತಲೂ ದೂರದ ಶಾಲೆಗೆ ಓಡಾಡುತ್ತಿದ್ದವರು.

"ಶಶಿ, ಎಲ್ಲಿದ್ದೀರ್ರೀ ಎಲ್ಲಾ? ನಂದು ಗುಂಡಿ ಫೋನು, ಭೂಪಟ ಗೀಪಟ ಇಲ್ಲ. ಅದಕ್ಕೇ ನಿನ್ನೆನೇ ಬಂದು ಜಾಗ ನೋಡ್ಕೊಂಡು ಹೋಗಿದ್ದೆ. ಒಂಬತ್ತು ಗಂಟೆಯಿಂದ ಭವನದಲ್ಲೇ ಕೂತಿದ್ದೀನಿ, ವಾಚ್‌ಮನ್ ಬಿಟ್ರೆ ನರಪಿಳ್ಳೆ ಇಲ್ಲ!"

"ಮೂರನೇ ಸಲ ಕರೀತಿದ್ದೀನಿ," ಎಂದರು ಅಧಿಕಾರಿ. "ಮುಮ್ತಾಜ್ ಬಾನು, ಗೈರುಹಾಜರಿ ಅಂತ..."

ಶಶಿರೇಖಾ ಒಂದು ಕ್ಷಣ ಫೋನನ್ನು ಸೆರಗಿನಲ್ಲಿ ಒತ್ತಿ ಹಿಡಿದಳು. ಆರು ನಿಮಿಷದ ನಡಿಗೆ. ಬೆಳಿಗ್ಗೆ ಬಿಸಿ ಕಾಫಿ ಕುಳಿತು ಕುಡಿಯಬಹುದು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅರವತ್ತು ಜನ ತಪ್ಪು ಜಾಗದಲ್ಲಿದ್ದಾರೆ. ಸರಿಯಾದ ಜಾಗದಲ್ಲಿರುವ ಒಬ್ಬಳೇ ಒಬ್ಬಳು ಗೈರುಹಾಜರಿ.

"ಸಾರ್," ಎಂದಳು. ಅವಳ ದನಿ ಅವಳಿಗೇ ದಣಿದಂತೆ ಕೇಳಿಸಿತು. "ಅವರು ಭವನದಲ್ಲಿದ್ದಾರೆ. ಗೈರುಹಾಜರಾಗಿರೋದು ನಾವು." ಫೋನನ್ನು ಅವರ ಕೈಗೆ ಕೊಟ್ಟಳು.

ಮುಮ್ತಾಜ್ ಟೀಚರು ಫೋನಿನಲ್ಲೇ ಊರಿನ ಶಾಲೆ ಆರಿಸಿಕೊಂಡರು. ಮುಂದಿನ ಹೆಸರು ಶಶಿರೇಖಾಳದು. ಅಧಿಕಾರಿ ಪರದೆಯನ್ನು ಅವಳ ಕಡೆ ತಿರುಗಿಸಿದರು. ಅವಳ ವಿಷಯಕ್ಕೆ ಉಳಿದದ್ದು ಎರಡೇ ಶಾಲೆ. ಒಂದು ನೂರಹತ್ತು ಕಿಲೋಮೀಟರ್ ಆಚೆ. ಇನ್ನೊಂದು ಮನೆಯಿಂದ ಐವತ್ತು: ಸರ್ಕಾರಿ ಪ್ರೌಢಶಾಲೆ, ಕೋಡಿಪಾಳ್ಯ. ಹನ್ನೆರಡು ಕಿಲೋಮೀಟರ್ ಉಳಿತಾಯ. ಅವಳು ಸಹಿ ಹಾಕಿದಳು.

ಕಾರಿನ ಬಳಿ ಪಶುಪತಿಯವರು ಹಿಗ್ಗಿನಿಂದ ಕುಣಿದಾಡುತ್ತಿದ್ದರು. "ನೋಡಿದ್ಯಾ ಶಶಿ, ನೋಡಿದ್ಯಾ! ಸರ್ಕಾರಕ್ಕೇ ಗೊತ್ತಾಗೋಕೆ ಮುಂಚೆ ನನ್ನ ಯಂತ್ರಕ್ಕೆ ಗೊತ್ತಾಗಿತ್ತು! ನಿನ್ನನ್ನ ನೆಟ್ಟಗೆ ನಿನ್ನ ಶಾಲೆಗೇ ಕರ್ಕೊಂಡು ಬಂದಿದೆ! ಇನ್ನು ದಿನಾ ನಾನೇ ಬಿಡ್ತೀನಮ್ಮ!"

ಶಶಿರೇಖಾ ಶಾಲೆಯನ್ನೊಮ್ಮೆ ನೋಡಿ, ಸೆರಗು ಸರಿಪಡಿಸಿಕೊಂಡಳು.

"ಬೇಡ ಭಾವ," ಎಂದಳು. "ಎರಡೇ ಬಸ್ಸು, ಅಷ್ಟೆ."